ಸ್ಪ್ರಿಂಗ್ ಹಾಕಿಸಿದ್ರೂ ಲೈಟ್ ಯಾಕೆ ಆರಲ್ಲ?

ಹಳೇ ಬೆಂಜ್ ಎಸ್-ಕ್ಲಾಸ್ ಕಡಿಮೆ ರೇಟಿಗೆ ಸಿಕ್ತು ಅಂತ ಕುಣಿಯೋರೇ, ಒಂದ್ನಿಮಿಷ. 1998ರಲ್ಲಿ ಬಂದ ಡಬ್ಲ್ಯು220 ಮಾದರಿಯಲ್ಲಿ ಇರೋದು ಏರ್‌ಮ್ಯಾಟಿಕ್, ಅಂದ್ರೆ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ವಯಸ್ಸಾದ್ಮೇಲೆ ರಬ್ಬರ್ ಬಿರುಕು ಬಿಡುತ್ತೆ. ರಾತ್ರಿ ನೆಟ್ಟಗೆ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆ ಕುಸಿದು ಕೂತಿರುತ್ತೆ. ಹೊಸದರ ಬೆಲೆ ಕೇಳಿ ಬೆವತು ಕಾಯಿಲ್ ಸ್ಪ್ರಿಂಗ್ ಹಾಕಿಸ್ತಾರೆ. ಕಾರು ಎದ್ದು ನಿಲ್ಲುತ್ತೆ, ಡ್ಯಾಶ್‌ಬೋರ್ಡ್ ಎಚ್ಚರಿಕೆ ಮಾತ್ರ ಹೋಗಲ್ಲ.

ಯಾಕಂದ್ರೆ ಚೀಲ ಹೋಯ್ತು ಅಂತ ಸಸ್ಪೆನ್ಷನ್ ಕಂಪ್ಯೂಟರ್‌ಗೆ ಯಾರೂ ಹೇಳಿಲ್ಲ! ಅದು ಇನ್ನೂ ಕಂಪ್ರೆಸರ್, ವಾಲ್ವು, ಗಾಳಿಯ ಒತ್ತಡ ಹುಡುಕ್ತಾನೇ ಇರುತ್ತೆ. ಬರೀ ಫ್ಯೂಸ್ ಕಿತ್ತರೆ ಅದು ಮೌನ ಆಗುತ್ತೆ, ಆಗ ಉಳಿದ ಕಂಪ್ಯೂಟರ್‌ಗಳು ಹೊಸ ದೂರು ಹಾಕಬಹುದು. ಕಾರಿಗೆ ತಕ್ಕಂತೆ ಸ್ಕ್ಯಾನರ್‌ನಲ್ಲಿ ಕೋಡಿಂಗ್ ಬದಲಿಸಬೇಕು, ಇಲ್ಲಾ "ಎಲ್ಲಾ ಸರಿಯಿದೆ" ಅಂತ ಸುಳ್ಳು ಸಿಗ್ನಲ್ ಕೊಡೋ ಮಾಡ್ಯೂಲ್ ಹಾಕಬೇಕು. ಎತ್ತರ ಅಳೆಯೋ ಸೆನ್ಸರ್ ಬಿಸಾಕಬೇಡಿ. ಎಷ್ಟೋ ಕಾರಲ್ಲಿ ಹೆಡ್‌ಲೈಟ್ ಏರಿಳಿಯೋದೂ ಅದನ್ನೇ ನಂಬಿ.

ಕೆಲವರು ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸಿ ಮುಗಿಸ್ತಾರೆ. ಬೇಡ ಕಣ್ರೋ. ದಿನಾ ಉರಿಯೋ ಲೈಟಿಗೆ ಕಣ್ಣು ಒಗ್ಗಿಹೋದ್ರೆ, ಪಕ್ಕದಲ್ಲೇ ಬ್ರೇಕ್ ಲೈಟ್ ಹತ್ತಿದ ದಿನವೂ "ಅದೇ ಹಳೇದು ಬಿಡು" ಅಂದ್ಕೊಂಡು ಘಾಟಿ ಇಳಿತೀರಾ.