ಅರ್ಧ ಕಿಲೋ ತೊಂಡೆಕಾಯಿ

ಬಂಟ್ವಾಳದ ಕಡೆ ನನ್ನದೊಂದು ಸಣ್ಣ ಕ್ಲಿನಿಕ್ಕು. ಸಕ್ಕರೆ ಕಾಯಿಲೆಯವರಿಗೆ ಚೀಟಿ ಬರೆಯುವಾಗ ಮಾತ್ರೆಗಳ ಕೆಳಗೆ ‘ವಾಕಿಂಗ್ 30 ನಿಮಿಷ’ ಎಂದು ಬರೆದು ಅಡಿಗೆರೆ ಎಳೆಯುವುದು ಹಳೆಯ ರೂಢಿ. ಗೆರೆ ಎಳೆದಲ್ಲಿಗೆ ನನ್ನ ಕೆಲಸ ಮುಗಿಯಿತು, ನಡೆಯುವುದು ಅವರ ಕೆಲಸ. ನಾನಂತೂ ಮನೆಯಿಂದ ಕೂಗಳತೆ ದೂರದ ಕ್ಲಿನಿಕ್ಕಿಗೆ ಕಾರಿನಲ್ಲೇ ಬರುತ್ತಿದ್ದೆ.

ಬೀಡಿ ಕಟ್ಟುವ ಒಬ್ಬ ಹೆಂಗಸು ಬರುತ್ತಿದ್ದರು. ಮನೆಗೆಲಸ ಮುಗಿಸಿ ಮಡಿಲಲ್ಲಿ ಗೆರಸೆ ಇಟ್ಟು ಕೂತರೆ ಏಳುವುದು ಊಟಕ್ಕೆ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ, ಎದ್ದಷ್ಟೂ ನಷ್ಟ. ಸಕ್ಕರೆ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ನನಗೆ ರೇಗಿತು. ಹೊರಗೆ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, “ಅರ್ಧ ಗಂಟೆ ನಡೆಯಲಿಕ್ಕೂ ಉದಾಸೀನವಾ ಅಕ್ಕ?” ಎಂದೆ. ಅವರು ಸೆರಗು ಸರಿಮಾಡಿಕೊಂಡು, “ಎಲ್ಲಿಗೆ ಅಂತ ನಡೆಯುವುದು ಡಾಕ್ಟ್ರೇ?” ಎಂದರು. ಎದುರುತ್ತರ ಅಂದುಕೊಂಡು ಮಾತ್ರೆ ಹೆಚ್ಚಿಸಿ ಕಳಿಸಿದೆ.

ಆಮೇಲೆ ನನ್ನದೇ ರಕ್ತ ಪರೀಕ್ಷೆಯ ವರದಿ ಕೆಟ್ಟಿತು. ಡಾಕ್ಟರಾಗಿರುವ ಗೆಳೆಯನೊಬ್ಬ ಚೀಟಿ ಬರೆದ. ಕೊನೆಯಲ್ಲಿ ವಾಕಿಂಗ್, ಅಡಿಗೆರೆ ಸಹಿತ.

ಸಂಜೆ ಹೊಸ ಶೂ ಹಾಕಿ ಹೊರಟೆ. ಹಾಲಿನ ಡೈರಿ ದಾಟುವ ಮೊದಲೇ ರಿಕ್ಷಾ ನಿಂತಿತು: “ಎಂತ ಡಾಕ್ಟ್ರೇ, ಕಾರು ಕೆಟ್ಟಿತಾ? ಹತ್ತಿ.” ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬಲೊಲ್ಲ. ತಿರುವಿನಲ್ಲಿ ಇನ್ನೊಬ್ಬರು ಗಾಬರಿಯಲ್ಲಿ ಕೇಳಿದರು, ಯಾರ ಮನೆಯಲ್ಲಿ ಸೀರಿಯಸ್ಸು ಎಂದು. ನಾಚಿಕೆಯಾಗಿ, ಅಂಗಡಿಗೆ ನುಗ್ಗಿ ಬೇಡದ ಅರ್ಧ ಕಿಲೋ ತೊಂಡೆಕಾಯಿ ಕೊಂಡು, ತೊಟ್ಟೆ ಬೀಸುತ್ತ ವಾಪಸು ನಡೆದೆ. ಆಗ ಯಾರೂ ಏನೂ ಕೇಳಲಿಲ್ಲ. ಗಂಡಸು, ಅದರಲ್ಲೂ ಡಾಕ್ಟರು, ನನ್ನ ಪಾಡೇ ಇದು. ಮುಸ್ಸಂಜೆಗೆ ಹೆಂಗಸೊಬ್ಬರು ಬರಿಗೈಯಲ್ಲಿ ರಸ್ತೆಗಿಳಿದರೆ ಊರು ಬಿಟ್ಟೀತೇ?

1953ರಲ್ಲಿ ಪ್ರಕಟವಾದ ಜೆರ್ರಿ ಮಾರಿಸ್ ಅವರ ಅಧ್ಯಯನವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವ ನಾನು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಅವರು ಯಾರೂ ವಾಕಿಂಗಿಗೆ ಹೊರಟವರಲ್ಲ, ಟಿಕೆಟ್ ಕೊಡಲು ಹತ್ತಿದವರು ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮೈಯಾಡಿಸಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯೂ, ಒಂದು ಸಲಕ್ಕೆ 10 ನಿಮಿಷವಾದರೂ ಇರಲೇಬೇಕೆಂಬ ಷರತ್ತನ್ನು 2020ರಲ್ಲಿ ಬಿಟ್ಟುಕೊಟ್ಟಿತ್ತು. ನಾನು ಅರ್ಧ ಗಂಟೆಗೇ ಜೋತುಬಿದ್ದಿದ್ದೆ.

ಮುಂದಿನ ಸಲ ಅವರು ಬಂದಾಗ, ಕಟ್ಟಿದ ಬೀಡಿ ಬ್ರಾಂಚಿಗೆ ಒಯ್ಯುವುದು ಯಾರೆಂದು ಕೇಳಿದೆ. ಮಗ, ಬೈಕಿನಲ್ಲಿ. ನೀವೇ ಒಯ್ದರೆ ಹೇಗೆ?

“ಅದಾದರೆ ಅಡ್ಡಿಯಿಲ್ಲ,” ಎಂದು ನಕ್ಕರು. “ಅಲ್ಲಿ ನಾಲ್ಕು ಜನ ಸಿಗುತ್ತಾರೆ, ಮಾತೂ ಆಗುತ್ತದೆ.”

ಸಕ್ಕರೆ ಸ್ವಲ್ಪ ಇಳಿದಿದೆ, ಮಾತ್ರೆ ತಪ್ಪಿಲ್ಲ. ಅವತ್ತು ಗದರಿದ್ದಕ್ಕೆ ತಪ್ಪಾಯಿತು ಎನ್ನಲು ನನಗಿನ್ನೂ ಬಾಯಿ ಬಂದಿಲ್ಲ. ಬೆಂಚಿನಲ್ಲಿ ಯಾವಾಗಲೂ ಜನ ಇರುತ್ತಾರೆ.