ಚಿಗರಿ ಮೇಯುವ ಬಯಲಲ್ಲಿ ಬಂದೂಕಿನ ಮಾತು

ಇಂಡಿಯ ನಿಂಬೆ ತೋಟಗಳನ್ನು ದಾಟಿ ಸಿಂದಗಿ ಕಡೆ ಬೈಕ್ ತಿರುಗಿಸಿದರೆ ಕಣ್ಣು ಹಾಯೋವರೆಗೂ ತೊಗರಿ, ಕಡಲೆ, ಎರೆ ಭೂಮಿ. ಕಾಡಿಲ್ಲ. ಕೃಷ್ಣಮೃಗಕ್ಕೆ, ಅಂದರೆ ನಮ್ಮ ಕಡೆಯ ಚಿಗರಿಗೆ, ಇಂಥ ಬಯಲೇ ಮನೆ.

ರೈತರ ಸಿಟ್ಟು ಸುಳ್ಳಲ್ಲ. ಆಗಷ್ಟೇ ಮೊಳೆತ ಕಡಲೆಗೆ ಹಿಂಡು ಬಾಯಿ ಹಾಕಿದರೆ ಮತ್ತೆ ಬಿತ್ತಬೇಕು. ಬಸವನ ಬಾಗೇವಾಡಿಯ ಚಹಾದಂಗಡಿಯಲ್ಲಿ ಒಬ್ಬರು ಕೇಳಿಯೇಬಿಟ್ಟರು: “ಇದಕ್ಕ ಯಾವ ರೈಫಲ್ ಚಲೋರೀ?”

.22 ಸಣ್ಣದು; ಪ್ರಾಣಿ ಗಾಯಗೊಂಡು ಓಡಿ, ನರಳಿ ಸಾಯ್ತದೆ. ಲೈಸೆನ್ಸ್ ಮೇಲೆ ಸಿಗುವ .315 ಬೋರ್‌ನ ಗುಂಡು ಸುಮಾರು 8 ಮಿ.ಮೀ. ದಪ್ಪ. ಗುರಿ ತಪ್ಪಿದರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಈ ಸಪಾಟು ನೆಲದಲ್ಲಿ ಅದನ್ನು ತಡೆಯೋಕೆ ದಿಬ್ಬವಿಲ್ಲ, ಆಚೆ ಹೊಲದಲ್ಲಿ ಕಳೆ ತೆಗೆಯೋ ಹೆಣ್ಮಕ್ಕಳಿರ್ತಾರೆ.

ಕಾನೂನಂತೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಚಿಗರಿ ಇದೆ. ಬೆಳೆ ಕಾಯಲು ಪಡೆದ ಬಂದೂಕಿನ ಲೈಸೆನ್ಸ್ ಇದ್ದರೂ ಹೊಡೆಯುವಂತಿಲ್ಲ. ಹೊಡೆದರೆ ಕನಿಷ್ಠ 3 ವರ್ಷ ಜೈಲು.

ಮುದ್ದೇಬಿಹಾಳದ ದಾರಿಯಲ್ಲಿ ಹೊಲದ ಸುತ್ತ ಹಳೆ ಸೀರೆ ಕಟ್ಟಿದ್ದು ಕಂಡೆ. ಸದ್ಯಕ್ಕೆ ರೈತರ ಕೈಲಿರೋದು ಇಷ್ಟೇ.

ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ. 8×42 ಬೈನಾಕ್ಯುಲರ್ ಇರಲಿ. ಬಿತ್ತಿದ ಹೊಲಕ್ಕೆ ಮಾತ್ರ ಕಾಲಿಡಬೇಡಿ.