ಬೆನ್ನಚೀಲದೊಡನೆ ಮೆಲ್ಬರ್ನ್ ನಗರದಲ್ಲಿ

ಆಸ್ಟ್ರೇಲಿಯ ಖಂಡದ ಆಗ್ನೇಯ ಭಾಗದಲ್ಲಿ, ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಗೆ ಹಬ್ಬಿಕೊಂಡಿರುವ ಮಹಾನಗರ ಮೆಲ್ಬರ್ನ್. ನಮ್ಮ ಅನೇಕ ಮನೆತನಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆಂದು ಅಲ್ಲಿಗೆ ತೆರಳುತ್ತಿರುವುದರಿಂದ ಊರಿನ ಹೆಸರು ಓದುಗರಿಗೆ ಹೊಸದಲ್ಲ. ಆದರೆ ಬಂಧುಗಳ ಮನೆಯಲ್ಲಿಳಿದು, ಅವರ ಕಾರಿನಲ್ಲಿ ಕುಳಿತು ನೋಡುವ ನಗರ ಬೇರೆ; ಪರಿಚಿತರೊಬ್ಬರೂ ಇಲ್ಲದೆ, ಬೆನ್ನಿಗೊಂದು ಚೀಲ ಬಿಗಿದು ಕಾಲ್ನಡಿಗೆಯಲ್ಲಿ ನೋಡುವ ನಗರ ಬೇರೆ. 2024ರ ಅಕ್ಟೋಬರಿನಲ್ಲಿ ನಾವು ದಂಪತಿಗಳು ಎರಡನೆಯ ಬಗೆಯನ್ನೇ ಆರಿಸಿಕೊಂಡೆವು. ಹಣದ ಮಿತಿಯೂ ಅದಕ್ಕೆ ಕಾರಣವೆಂಬುದನ್ನು ಮುಚ್ಚಿಡಬೇಕಿಲ್ಲ.

ಬುತ್ತಿ ಕಟ್ಟಿಕೊಂಡು ಹೊರಡುವವರಿಗೆ ಮೊದಲು ಒಂದು ಮಾತು. ಹೊರಗಿನ ಕೀಟ, ರೋಗಗಳು ತಮ್ಮ ಹೊಲಗದ್ದೆಗಳನ್ನು ಹೊಕ್ಕಾವೆಂಬ ಎಚ್ಚರ ಆ ದೇಶಕ್ಕೆ ಬಹಳ. ತಂದ ತಿನಿಸನ್ನೆಲ್ಲ ಪ್ರವೇಶಪತ್ರದಲ್ಲಿ ಬರೆದು ತಿಳಿಸಬೇಕು. ಮರೆಮಾಚಿದವರಿಗೆ ದಂಡ ತಪ್ಪದು. ನಾವು ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಇದ್ದಂತೆಯೇ ನಮೂದಿಸಿದೆವು. ಅಧಿಕಾರಿಣಿಯೊಬ್ಬರು ರೊಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ನಗುತ್ತ ಹಿಂದಿರುಗಿಸಿದರು.

ಇಳಿದುಕೊಂಡದ್ದು ಹಾಸ್ಟೆಲ್‌ನಲ್ಲಿ. ಹಾಸ್ಟೆಲ್ ಎಂದರೆ ವಿದ್ಯಾರ್ಥಿನಿಲಯವಲ್ಲ, ಹೆಚ್ಚುಕಡಿಮೆ ನಮ್ಮ ಧರ್ಮಶಾಲೆಯಂಥದು, ಬಾಡಿಗೆ ಮಾತ್ರ ಉಂಟು. ಒಂದು ಕೋಣೆಯಲ್ಲಿ ಮೇಲೆ ಕೆಳಗೆ ಆರು ಮಂಚ. ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಅಲ್ಲಿಯ ಪಾತ್ರೆಗಳಲ್ಲಿ ಎಲ್ಲ ಬಗೆಯ ಆಹಾರವೂ ಬೇಯುವುದರಿಂದ ನಾವು ಪುಟ್ಟದೊಂದು ಪಾತ್ರೆ ಕೊಂಡುಕೊಂಡೆವು. ಶಾಕಾಹಾರಿಗಳ ಚಿಂತೆ ಅಲ್ಲಿಗೆ ಮುಗಿಯಿತು. ಊರು ಬಿಡುವವರು ಉಳಿದ ಅಕ್ಕಿ, ಎಣ್ಣೆ, ಉಪ್ಪುಗಳನ್ನು ಒಂದು ಕಪಾಟಿನಲ್ಲಿಟ್ಟು ಹೋಗುತ್ತಾರೆ, ಬೇಕಾದವರು ಬಳಸಬಹುದು. ಅರ್ಜೆಂಟೀನದ ತರುಣನೊಬ್ಬ ನಮ್ಮ ರೊಟ್ಟಿಯನ್ನು ಬಿಸ್ಕತ್ತೆಂದೇ ಬಗೆದು, ಚಟ್ನಿಪುಡಿಯೊಡನೆ ಮೂರು ತಿಂದ. ಮರುದಿನ ಹೊರಡುವ ಮುನ್ನ ತನ್ನ ಅರ್ಧ ಚೀಲ ಅಕ್ಕಿಯನ್ನು ನಮ್ಮ ಮುಂದಿಟ್ಟು ನಡೆದ.

ನಗರದ ನಡುಭಾಗವನ್ನು 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಮೋಜಣಿದಾರ ಚೌಕಾಬಾರದ ಮನೆಗಳಂತೆ ಅಳೆದು ಗೆರೆ ಎಳೆದ. ಹಿರಿಯ ಬೀದಿಗಳಿಗೆ 99 ಅಡಿ ಅಗಲ. ಬೆನ್ನಿಗೇ ಅದೇ ಹೆಸರಿನ 33 ಅಡಿಯ ಕಿರಿಯ ಬೀದಿ. ಕಾಲಿನ್ಸ್ ಬೀದಿಗೊಂದು ಲಿಟಲ್ ಕಾಲಿನ್ಸ್, ಬರ್ಕ್ ಬೀದಿಗೊಂದು ಲಿಟಲ್ ಬರ್ಕ್. ಇಷ್ಟು ಸರಳವಾದ ಊರಿನಲ್ಲಿಯೂ ನಮಗೆ ಮೊದಲ ದಿನ ದಿಕ್ಕು ತಿಳಿಯಲಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ ಬಹುದೂರ ಬಂದಿರುವುದರಿಂದ ಅಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ! ನಮ್ಮ ವಾಸ್ತುಪಂಡಿತರು ಅಲ್ಲಿಗೆ ಹೋದರೆ ಏನು ಹೇಳುವರೋ ಕಾಣೆವು. ಹವೆಯೂ ಹಾಗೆಯೇ: ಒಳನಾಡಿನ ಮರುಭೂಮಿಯಿಂದ ಬಿಸಿಗಾಳಿ, ದಕ್ಷಿಣ ಸಾಗರದಿಂದ ಶೀತಗಾಳಿ, ಬೆಳಿಗ್ಗೆ ತೆಗೆದಿಟ್ಟ ಸ್ವೆಟರನ್ನು ಮಧ್ಯಾಹ್ನಕ್ಕೆ ಹುಡುಕಬೇಕಾಗುತ್ತದೆ.

ಊರನ್ನು ಹೊತ್ತು ನಡೆಸುವುದು ಟ್ರಾಮ್. ಇಷ್ಟು ದೊಡ್ಡ ಟ್ರಾಮ್ ಜಾಲ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 2015ರಿಂದ ನಗರಮಧ್ಯದಲ್ಲಿ ಪ್ರಯಾಣ ಉಚಿತ. ಎಲ್ಲೆ ದಾಟಿದರೆ ಮೈಕಿ ಎಂಬ ಕಾರ್ಡು ಬೇಕು.

ನಮ್ಮ ಹೆಚ್ಚಿನ ಹೊತ್ತು ಕಳೆದದ್ದು ಸ್ವಾನ್‌ಸ್ಟನ್ ಬೀದಿಯ ರಾಜ್ಯ ಗ್ರಂಥಾಲಯದಲ್ಲಿ. 1856ರಲ್ಲಿ ಬಾಗಿಲು ತೆರೆದಾಗಲೇ, ಕೈ ಶುಚಿಯಾಗಿರುವ, 14 ವರ್ಷ ದಾಟಿದ ಯಾರಾದರೂ ಒಳಬಂದು ಓದಬಹುದೆಂದು ಸಾರಿದ್ದರಂತೆ. 1913ರಲ್ಲಿ ಕಟ್ಟಿದ ಎಂಟು ಮೂಲೆಯ ಓದುಮನೆಯ ಮೇಲೆ ಬೃಹತ್ ಗುಮ್ಮಟ. ಕೆಳಗೆ ಹಸಿರು ದೀಪಗಳ ಮೇಜುಗಳು. ಗ್ರಂಥಾಲಯದ ಸ್ಥಾಪಕರಲ್ಲಿ ಪ್ರಮುಖರು ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ. 1880ರಲ್ಲಿ ನೆಡ್ ಕೆಲ್ಲಿ ಎಂಬ ದರೋಡೆಗಾರನಿಗೆ ಗಲ್ಲು ವಿಧಿಸಿದವರೂ ಅವರೇ. ನೇಗಿಲಿನ ಉಕ್ಕಿನ ತಗಡುಗಳನ್ನು ಬಡಿದು ಮಾಡಿದ ಅವನ ಕವಚ ಈಗ ಅದೇ ಗ್ರಂಥಾಲಯದ ಸೊತ್ತು. ಕೆಲ್ಲಿಯನ್ನು ನೇಣಿಗೇರಿಸಿದ 12ನೆಯ ದಿನ ಬ್ಯಾರಿಯವರೂ ತೀರಿಕೊಂಡರು. ಜನರು ನ್ಯಾಯಾಧೀಶರಿಗಿಂತ ಕಳ್ಳನನ್ನೇ ಹೆಚ್ಚು ನೆನೆಯುವುದು ನಮಗೆ ಅಷ್ಟು ಹಿಡಿಸಲಿಲ್ಲ.

ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ರಸೆಲ್ ಮತ್ತು ವಿಕ್ಟೋರಿಯ ಬೀದಿಗಳು ಕೂಡುವಲ್ಲಿ ಒಂದು ಕಂಬ. ತುದಿಯಲ್ಲಿ ಮೂರು ಎಂಟುಗಳು. ಎಂಟು ತಾಸು ದುಡಿಮೆ, ಎಂಟು ತಾಸು ಬಿಡುವು, ಎಂಟು ತಾಸು ವಿಶ್ರಾಂತಿ. 1856ರ ಏಪ್ರಿಲ್ 21ರಂದು ವಿಶ್ವವಿದ್ಯಾಲಯದ ಕಟ್ಟಡದಲ್ಲಿ ದುಡಿಯುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು, ಮೆರವಣಿಗೆ ಹೊರಟು, ಕೂಲಿ ಕಡಿತವಿಲ್ಲದೆ ಈ ಹಕ್ಕನ್ನು ಪಡೆದರು. ಓದಲು ಪುಸ್ತಕ ಸಿಕ್ಕ ವರ್ಷವೇ ಓದಲು ಬಿಡುವೂ ಸಿಕ್ಕಿತು. ಆದರೆ ಅದು ಮೊದಲಿಗೆ ಕಟ್ಟಡ ಕೆಲಸಗಾರರಿಗೆ ಮಾತ್ರ. ಮಿಕ್ಕವರು, ಅದರಲ್ಲೂ ಹೆಣ್ಣುಮಕ್ಕಳು, ಬಹುಕಾಲ ಕಾಯಬೇಕಾಯಿತು.

ಮೂರನೆಯ ಸಂಜೆ ಯಾರಾ ನದಿಯ ದಂಡೆಗೆ ಹೋದೆವು. ಆ ನೆಲದ ಮೂಲನಿವಾಸಿಗಳಾದ ವುರುಂಡ್ಜೆರಿ ಜನರು ಈ ನದಿಯನ್ನು ಬಿರರಂಗ್ ಎನ್ನುತ್ತಾರೆ. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಅವರ ಹಿರಿಯರಿಗೆ ಕಂಬಳಿ, ಕೊಡಲಿ, ಕನ್ನಡಿ, ಹಿಟ್ಟುಗಳನ್ನು ಕೊಟ್ಟು, ಸುಮಾರು 6 ಲಕ್ಷ ಎಕರೆ ಭೂಮಿ ತನ್ನದಾಯಿತೆಂದು ಪತ್ರ ಬರೆಸಿಕೊಂಡ. ಗವರ್ನರ್ ಬರ್ಕ್ ಆ ಪತ್ರವನ್ನು ರದ್ದುಗೊಳಿಸಿದರು. ಮೋಸವಾಯಿತೆಂದು ರದ್ದಾಗಲಿಲ್ಲ, ನೆಲವೆಲ್ಲ ಬ್ರಿಟಿಷ್ ದೊರೆತನದ್ದು, ಮಾರಲು ಅಲ್ಲಿಯ ಜನರಿಗೆ ಹಕ್ಕೇ ಇಲ್ಲ ಎಂಬ ಕಾರಣಕ್ಕೆ ರದ್ದಾಯಿತು. ಆ ನೆಲ ಯಾರಿಗೂ ಸೇರಿರಲಿಲ್ಲವೆಂಬ ವಾದವನ್ನು ಅಲ್ಲಿಯ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಮೊಕದ್ದಮೆಯಲ್ಲಿ. ಕಾಗದಪತ್ರವಿಲ್ಲವೆಂದು ತಲೆತಲಾಂತರದ ಹೊಲ ಕಳೆದುಕೊಂಡವರ ಕಥೆಗಳನ್ನು ನಮ್ಮೂರುಗಳಲ್ಲಿಯೂ ಕೇಳಿದ ನಮಗೆ ಆ ದಂಡೆಯಿಂದ ಬೇಗ ಏಳಲಾಗಲಿಲ್ಲ. ಎದುರಿಗೆ ದೀಪಗಳೆಲ್ಲ ನೀರಿನಲ್ಲಿ ಮೂಡಿದ್ದವು.

ಮರುದಿನ ಗುರುವಾರ. ಸೋಮವಾರ ಮತ್ತು ಬುಧವಾರ ಕ್ವೀನ್ ವಿಕ್ಟೋರಿಯ ಮಾರುಕಟ್ಟೆಗೆ ರಜೆಯಾದ್ದರಿಂದ ಅಂದು ಬೆಳಿಗ್ಗೆಯೇ ಕೈಚೀಲ ಹಿಡಿದು ಹೊರಟೆವು. 1878ರಿಂದ ನಡೆದುಬಂದಿರುವ ಈ ಸಂತೆಯ ಒಂದು ಭಾಗ ಹಳೆಯ ಸ್ಮಶಾನದ ಮೇಲೆ ನಿಂತಿದೆ. ಮೇಲೆ ಮಾತ್ರ ಅದೇ ಕೂಗು, ಅದೇ ಚೌಕಾಸಿ. ಮೆಂತ್ಯದ ಸೊಪ್ಪಿನ ಕಟ್ಟು ಕಂಡದ್ದೇ ತಡ, ನಮ್ಮ ಮನೆಯವರು ಬೆಲೆಯನ್ನೂ ಕೇಳದೆ ಎರಡು ಕಟ್ಟು ಚೀಲಕ್ಕೆ ಹಾಕಿದರು. ಅರ್ಜೆಂಟೀನದ ತರುಣ ಬಿಟ್ಟುಹೋದ ಅಕ್ಕಿ ಅಂದಿನ ಊಟಕ್ಕೆ ಒದಗಿತು.